ಸಕಾಯ್ ಚಾಕು, ಬೀದರಿನ ಬಿದ್ರಿ: ಕಸುಬು ಕಣ್ಣಿಗೆ ಬೀಳಲಿ

ಮಾನ್ಯ ಸಂಪಾದಕರೇ,

ಬೀದರಿನ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಕೋಟೆಗೆ ದೀಪ, ಉದ್ಯಾನ, ಪಾರ್ಕಿಂಗ್, ಹೋಟೆಲ್ ಇವೇ ಮುಂದೆ ಬರುತ್ತವೆ. ಇವೂ ಬೇಕು. ಆದರೆ ಬಿದ್ರಿ ಎಂಬ, ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಶತಮಾನಗಳ ಕಸುಬು ಇಂದಿಗೂ ಬದುಕಿರುವ ಊರಿಗೆ ಬಂದವರು ಆ ಕೆಲಸವನ್ನೇ ನೋಡದೆ, ಅಂಗಡಿಯ ಗಾಜಿನ ಹಿಂದಿನ ಹೂದಾನಿಯ ಬೆಲೆ ಕೇಳಿ, ಅದೇ ಸಂಜೆ ಹೈದರಾಬಾದಿನ ಬಸ್ಸು ಹತ್ತುತ್ತಾರೆ. ಬಂದವರಿಗೂ ನಷ್ಟ, ಕಸುಬಿನವರಿಗೂ ನಷ್ಟ. ಈ ವಿಷಯದಲ್ಲಿ ಜಪಾನಿನ ಸಕಾಯ್ ನಗರ ಹಿಡಿದ ದಾರಿಯನ್ನು ನಮ್ಮ ಜಿಲ್ಲೆಯವರು ಗಮನಿಸಬೇಕು ಎಂಬ ಕಾರಣಕ್ಕೆ ಈ ಪತ್ರ.

ಸಕಾಯ್ ಇರುವುದು ಓಸಾಕಾದ ದಕ್ಷಿಣಕ್ಕೆ, ಕಡಲ ದಂಡೆಯಲ್ಲಿ. 1467ರಲ್ಲಿ ಶುರುವಾದ ಓನಿನ್ ಎಂಬ ಅಂತರ್ಯುದ್ಧದಿಂದ ಹಳೆಯ ಬಂದರುಗಳ ದಾರಿ ಅಪಾಯಕ್ಕೆ ಸಿಕ್ಕಿದಾಗ ಮಿಂಗ್ ಚೀನಾದ ಜೊತೆಗಿನ ಹಡಗು ವ್ಯಾಪಾರ ಇಲ್ಲಿಗೆ ತಿರುಗಿತು. ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಬೀದರಿಗೆ ಬಂದಿದ್ದ, ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗಾವಾನ್ 1472ರಲ್ಲಿ ತನ್ನ ಮದರಸಾ ಕಟ್ಟಿಸಿದ. ಎರಡು ಊರೂ ಒಂದೇ ಕಾಲದಲ್ಲಿ ದೂರದ ಸರಕು ಮತ್ತು ದೂರದ ಜನರಿಂದ ಬೆಳೆದವು. ವ್ಯತ್ಯಾಸವೆಂದರೆ ಬೀದರಿಗೆ ಸುಲ್ತಾನನಿದ್ದ, ಸಕಾಯ್‌ಗೆ ಅಂಥ ಒಡೆಯನಿರಲಿಲ್ಲ. ಶ್ರೀಮಂತ ವರ್ತಕರ ಸಭೆಯೇ ಊರನ್ನು ನಡೆಸುತ್ತಿತ್ತು, ಊರ ಸುತ್ತ ಕಂದಕ ತೋಡಿ ಕಾವಲುಗಾರರನ್ನು ಸಂಬಳಕ್ಕೆ ಇಟ್ಟುಕೊಂಡಿತ್ತು. 1560ರ ದಶಕದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಪಾದ್ರಿ ಗಾಸ್ಪರ್ ವಿಲೇಲಾ ಇದನ್ನು ವೆನಿಸ್ ನಗರಕ್ಕೆ ಹೋಲಿಸಿ ಪತ್ರ ಬರೆದ. 1568ರಲ್ಲಿ ಯುದ್ಧನಾಯಕ ಓಡಾ ನೊಬುನಾಗಾ 20,000 ಕಾನ್ ನಾಣ್ಯದ ಕಪ್ಪ ಕೇಳಿದಾಗ ಮೊದಲು ಎದುರು ನಿಂತ ವರ್ತಕರು ಮರುವರ್ಷ ಮಣಿದರು. 1615ರ ಯುದ್ಧದಲ್ಲಿ ಊರು ಪೂರ್ತಿ ಸುಟ್ಟುಹೋಯಿತು. ಇಂದು ಕಾಣುವ ನೇರ ಓಣಿಗಳ ಜಾಲ ಆಮೇಲೆ ಹಾಕಿದ್ದು. ಎರಡನೇ ಮಹಾಯುದ್ಧದ ಬಾಂಬು ದಾಳಿಯಲ್ಲಿ ಮತ್ತೊಮ್ಮೆ ಬಹುಭಾಗ ನಾಶವಾಯಿತು.

ಅಂದರೆ ಸಕಾಯ್‌ನಲ್ಲಿ ನೋಡಲು ಹಳೆಯ ಕಟ್ಟಡಗಳು ಕಡಿಮೆ. ಬೀದರಿನಲ್ಲಿ ಕೋಟೆ, ಮದರಸಾ, ಅಷ್ಟೂರಿನ ಗುಂಬಜ್‌ಗಳು, ಬರೀದ್ ಶಾಹಿ ಸಮಾಧಿಗಳು, ನೌಬಾದಿನ ಕರೇಜ್ ಎಂಬ ನೆಲದಡಿಯ ನೀರಿನ ಕಾಲುವೆ ಎಲ್ಲ ಕಣ್ಣೆದುರು ನಿಂತಿವೆ. ಕಟ್ಟಡ ಕಳೆದುಕೊಂಡ ಊರು ಕಸುಬನ್ನೇ ಮುಂದಿಟ್ಟುಕೊಂಡು ಜನರನ್ನು ಕರೆಯಿತು. ನಮ್ಮಲ್ಲಿ ಎರಡೂ ಇದ್ದು, ಒಂದನ್ನು ಮಾತ್ರ ತೋರಿಸುತ್ತಿದ್ದೇವೆ.

ಅಲ್ಲಿನ ಕಸುಬುಗಳಲ್ಲಿ ಮೊದಲನೆಯದು ಚಾಕು. 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಬಂದೂಕು ಬಂತು, ತಂಬಾಕೂ ಬಂತು. ಸಕಾಯ್ ಕಮ್ಮಾರರು ಬಂದೂಕಿನ ನಳಿಗೆ ಬಡಿದರು, ತಂಬಾಕಿನ ಎಲೆಯನ್ನು ಎಳೆಎಳೆಯಾಗಿ ಹೆಚ್ಚುವ ಚಾಕೂ ಮಾಡಿದರು. ಎಡೋದಲ್ಲಿದ್ದ (ಇಂದಿನ ಟೋಕಿಯೊ) ಆಗಿನ ಸರ್ಕಾರ ಆ ಚಾಕುಗಳಿಗೆ ಗುಣಮಟ್ಟದ ಮುದ್ರೆ ಹಾಕಿಸಿ ಮಾರಾಟದ ಹಕ್ಕು ಕೊಟ್ಟಿತು. ಇಂದು ಜಪಾನಿನ ವೃತ್ತಿಪರ ಅಡುಗೆಯವರು ಬಳಸುವ ಒಂದು ಬದಿ ಮಾತ್ರ ಹರಿತವಿರುವ ಚಾಕುಗಳಲ್ಲಿ ಬಹುಪಾಲು ಇಲ್ಲಿಂದಲೇ ಹೋಗುತ್ತವೆ. 1982ರಲ್ಲಿ ಈ ಕಸುಬಿಗೆ ಸರ್ಕಾರದ ಸಾಂಪ್ರದಾಯಿಕ ಕರಕುಶಲ ಮಾನ್ಯತೆ ಸಿಕ್ಕಿತು.

ಒಂದು ಚಾಕು ಒಂದೇ ಮನೆಯಲ್ಲಿ ತಯಾರಾಗುವುದಿಲ್ಲ. ಬಡಿಯುವ ಕಮ್ಮಾರ ಬೇರೆ, ಸಾಣೆ ಹಿಡಿಯುವವ ಬೇರೆ, ಹಿಡಿ ಕೂರಿಸಿ ಹೆಸರು ಕೆತ್ತಿ ಮಾರುವ ಸಗಟು ವ್ಯಾಪಾರಿ ಬೇರೆ. ಕಮ್ಮಾರ ಮೆತ್ತನೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಸಿ, ಅದರ ಮೇಲೆ ಬಿಳಿಗಾರ ಮತ್ತು ಕಬ್ಬಿಣದ ಪುಡಿ ಉದುರಿಸಿ, ಗಟ್ಟಿ ಉಕ್ಕಿನ ತುಂಡನ್ನಿಟ್ಟು ಮತ್ತೆ ಕಾಸಿ ಬಡಿಯುತ್ತಾನೆ. ಬಿಳಿಗಾರ ಕರಗಿ ಮೇಲಿನ ಕಿಟ್ಟವನ್ನು ಹೊರಗೆ ತಳ್ಳಿದರೆ ಎರಡು ಲೋಹ ಒಂದಾಗುತ್ತವೆ. ಶಾಖ ಕಡಿಮೆಯಾದರೆ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿಯುತ್ತದೆ, ಅದು ಸಾಣೆ ಹಿಡಿದ ಮೇಲೆಯೇ ಕಾಣುವುದು. ಶಾಖ ಜಾಸ್ತಿಯಾದರೆ ಉಕ್ಕಿನೊಳಗಿನ ಇಂಗಾಲ ಸುಟ್ಟುಹೋಗಿ ಅಂಚು ಮೆತ್ತಗಾಗುತ್ತದೆ, ಹರಿತ ನಿಲ್ಲುವುದಿಲ್ಲ. ಕುಲುಮೆಯ ಕೋಣೆಯಲ್ಲಿ ಬೆಳಕು ಮಂದ ಇಡುವುದು ಇದೇ ಕಾರಣಕ್ಕೆ: ಲೋಹದ ಬಣ್ಣ ನೋಡಿಯೇ ಶಾಖ ಹೇಳಬೇಕು, ಹೊರಗಿನ ಬಿಸಿಲು ಬಿದ್ದರೆ ಕಣ್ಣು ಮೋಸಹೋಗುತ್ತದೆ.

ಆಕಾರ ಬಂದ ಅಲಗನ್ನು ಹುಲ್ಲಿನ ಬೂದಿಯಲ್ಲಿ ಹೂತು ನಿಧಾನ ಆರಿಸುತ್ತಾರೆ. ಆಮೇಲೆ ಅದಕ್ಕೆ ತೆಳ್ಳಗೆ ಮಣ್ಣಿನ ಕೆಸರು ಬಳಿದು, ಒಣಗಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಕಾಸಿ ನೀರಿಗೆ ಅದ್ದುತ್ತಾರೆ. ಬರಿಯ ಲೋಹವನ್ನು ಅದ್ದಿದರೆ ಸುತ್ತ ಉಗಿಯ ಪದರ ಹಬ್ಬಿ ಕೆಲವು ಕಡೆ ತಡವಾಗಿ ಆರುತ್ತದೆ, ಅಲಗು ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ. ಮಣ್ಣಿನ ಲೇಪ ಆ ಉಗಿಯನ್ನು ಒಡೆದು ಎಲ್ಲ ಕಡೆಗೂ ಸಮನಾಗಿ ತಂಪು ತರುತ್ತದೆ. ಅದ್ದಿದ ಅಲಗು ಗಾಜಿನಷ್ಟು ಗಡಸು, ಹಾಗೇ ಬಿಟ್ಟರೆ ಒಡೆಯುತ್ತದೆ. ಆದ್ದರಿಂದ 200 ಡಿಗ್ರಿಯ ಒಳಗೆ ಮತ್ತೊಮ್ಮೆ ಮೆಲ್ಲಗೆ ಬಿಸಿ ಮಾಡುತ್ತಾರೆ. ಅಲಗಿನ ಮೇಲೆ ನೀರಿನ ಹನಿ ಚಿಮುಕಿಸಿ, ಅದು ಉರುಳುವ ಬಗೆಯಲ್ಲಿ ಹದ ತಿಳಿಯುವ ಹಿರಿಯರು ಈಗಲೂ ಇದ್ದಾರೆ.

ಇದನ್ನು ಓದುವಾಗ ಬಿದ್ರಿ ಬಲ್ಲವರಿಗೆ ನಮ್ಮ ಕೋಟೆಯ ಮಣ್ಣು ನೆನಪಾಗದೆ ಇರದು. 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಅದರ ಮೇಲೆ ಸೂಜಿಮೊನೆಯಿಂದ ಚಿತ್ರ ಗೀರಿ, ಸಣ್ಣ ಉಳಿಯಿಂದ ಕಾಲುವೆ ತೋಡಿ, ಬೆಳ್ಳಿಯ ತಂತಿಯನ್ನು ಕುಟ್ಟಿ ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಇಡೀ ವಸ್ತು ಬೆಳ್ಳಗೆ, ಬೆಳ್ಳಿ ಯಾವುದು ಸತು ಯಾವುದು ಎಂದು ತಿಳಿಯದಂತೆ ಇರುತ್ತದೆ. ಕೊನೆಗೆ ಕೋಟೆಯೊಳಗೆ ಬಿಸಿಲು ಮಳೆ ತಾಕದೆ ಉಳಿದ ಜಾಗದ ಮಣ್ಣು ಮತ್ತು ನವಸಾಗರವನ್ನು ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಉಜ್ಜಿದರೆ ಸತು ಕಾಡಿಗೆಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ತಾಮ್ರ ಸಾಲದಿದ್ದರೆ ಕಪ್ಪು ಹಿಡಿಯುವುದಿಲ್ಲ. ಕಾಲುವೆ ಆಳವಿಲ್ಲದಿದ್ದರೆ ತಂತಿ ಎದ್ದುಬರುತ್ತದೆ. ಮಣ್ಣು ಸರಿಯೇ ಎಂದು ನಾಲಿಗೆಗೆ ಹಚ್ಚಿ ನೋಡುವ ಕುಶಲಿಗಳು ಬೀದರಿನಲ್ಲಿದ್ದಾರೆ. ಈ ಕೊನೆಯ ಹಂತಕ್ಕೆ ಬೇಕಾಗುವುದು ಕೆಲವೇ ನಿಮಿಷ. ಬೆಳ್ಳಗಿದ್ದದ್ದು ಕಣ್ಣೆದುರೇ ಕಪ್ಪಾಗಿ, ಅದರೊಳಗಿಂದ ಬೆಳ್ಳಿಯ ಬಳ್ಳಿ ಮೇಲೆದ್ದು ಬರುವುದನ್ನು ನೋಡಿದವರು ಬೆಲೆಯ ಬಗ್ಗೆ ಚೌಕಾಸಿ ಮಾಡುವುದಿಲ್ಲ. ಅದನ್ನೇ ನಾವು ಯಾರಿಗೂ ತೋರಿಸುತ್ತಿಲ್ಲ.

ಸಕಾಯ್‌ನಲ್ಲಿ ತೋರಿಸುತ್ತಾರೆ. ಮ್ಯೋಕೊಕುಜಿ ದೇವಾಲಯದ ಹತ್ತಿರ ಊರಿನ ಕರಕುಶಲ ಸಂಗ್ರಹಾಲಯವಿದೆ. ಕೆಳಗೆ ಚಾಕು, ಊದುಬತ್ತಿ, ಬಣ್ಣದ ಬಟ್ಟೆ, ಕಡಲಪಾಚಿ ಎಲ್ಲ ಮಾರಾಟಕ್ಕೆ, ಮೇಲೆ ಚಾಕುವಿನ ವಸ್ತುಸಂಗ್ರಹ. ಮೀನು ಸೀಳುವ ದೆಬಾ, ಹಸಿ ಮೀನನ್ನು ತೆಳ್ಳಗೆ ಕೊಯ್ಯುವ ಯಾನಾಗಿಬಾ, ತರಕಾರಿಯ ಉಸುಬಾ ಇವುಗಳ ವ್ಯತ್ಯಾಸವನ್ನು ಪಕ್ಕಪಕ್ಕ ಇಟ್ಟು ವಿವರಿಸುತ್ತಾರೆ. ಕೊಳ್ಳುವವರಿಗೆ ಬಳಕೆಯ ಎಚ್ಚರಿಕೆಗಳನ್ನು ಬಾಯಿಬಿಟ್ಟು ಹೇಳುತ್ತಾರೆ, ಅದೇ ದೊಡ್ಡ ವಿಷಯ.

ನಮ್ಮವರು ಅಲ್ಲಿ ಚಾಕು ಕೊಳ್ಳುವುದಾದರೆ ಕೆಲವು ಸಂಗತಿ ತಿಳಿದಿರಬೇಕು. ಒಂದು ಬದಿ ಹರಿತದ ಯಾನಾಗಿಬಾ ನೋಡಲು ಚೆಂದ, ಆದರೆ ನಮ್ಮ ಅಡುಗೆಮನೆಗೆ ಒಗ್ಗದು. ಕುಂಬಳಕಾಯಿ, ತೆಂಗಿನಕಾಯಿ, ಮಟನ್ ಮೂಳೆಗೆ ಹಚ್ಚಿದರೆ ಅಂಚು ಚೂರಾಗುತ್ತದೆ. ಎಡಗೈಯವರಿಗೆ ಬೇರೆಯೇ ಚಾಕು ಬೇಕು. ತರಕಾರಿಗೆ ಎರಡೂ ಬದಿ ಹರಿತವಿರುವ ನಾಕಿರಿ ಅಥವಾ ಸಾಂತೊಕು ಸಾಕು. ಇಂಗಾಲದ ಉಕ್ಕಾದರೆ ನಿಂಬೆ, ಹುಣಸೆ, ಈರುಳ್ಳಿ ತಾಗಿದೊಡನೆ ಬಣ್ಣ ತಿರುಗುತ್ತದೆ, ಒದ್ದೆ ಬಿಟ್ಟರೆ ಒಂದೇ ರಾತ್ರಿಯಲ್ಲಿ ತುಕ್ಕು. ಕೆಲಸ ಮುಗಿದ ಕೂಡಲೇ ತೊಳೆದು ಒರೆಸಿ ಇಡುವ ಅಭ್ಯಾಸ ಇಲ್ಲದ ಮನೆಗೆ ಸ್ಟೇನ್‌ಲೆಸ್ ಉಕ್ಕಿನದೇ ಒಳ್ಳೆಯದು. ಸಾಣೆಕಲ್ಲು 1000 ನಂಬರಿನದು ಒಂದು, 3000ದಿಂದ 6000ದ ನಡುವಿನದು ಒಂದು ಇದ್ದರೆ ಮನೆಗೆ ಸಾಕು. ಒಂದು ಬದಿ ಹರಿತದ ಚಾಕುವಿನ ಹಿಂಬದಿಯನ್ನು ಓರೆ ಹಿಡಿದು ಉಜ್ಜಿದರೆ ಅದು ಕೆಟ್ಟಂತೆ. ಆ ಬದಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು, ಅಂಚಿನಲ್ಲಿ ಎದ್ದ ಸಿಬಿರು ಹೋಗುವಷ್ಟು ಮಾತ್ರ ಎಳೆಯಬೇಕು. ಹಿಡಿ ಸಾಮಾನ್ಯವಾಗಿ ಹೋ ಮರದ್ದು, ಒದ್ದೆಯಾದರೂ ಜಾರುವುದಿಲ್ಲ. ಅದರ ಕೊರಳಿಗೆ ಎಮ್ಮೆಯ ಕೊಂಬಿನ ಉಂಗುರ ಹಾಕುವುದು ಮರ ಸೀಳದಿರಲಿ ಎಂದು. ಕೊಂಡ ಚಾಕುವಿನ ಕಟ್ಟನ್ನು ಬೀದಿಯಲ್ಲಿ ಬಿಚ್ಚಬಾರದು. 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಸಕಾರಣವಿಲ್ಲದೆ ಹೊತ್ತು ತಿರುಗುವುದು ಜಪಾನಿನಲ್ಲಿ ಅಪರಾಧ. ವಿಮಾನದಲ್ಲಿ ಅದನ್ನು ಲಗೇಜಿಗೆ ಹಾಕಬೇಕು, ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ಹೋಯಿತು.

ಊದುಬತ್ತಿಯ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಹತ್ತಿರದ ನಂಟಿದೆ. ಬಂದರಿಗೆ ಬಂದಿಳಿಯುತ್ತಿದ್ದ ಶ್ರೀಗಂಧ, ಅಗರು, ಲವಂಗ, ದಾಲ್ಚಿನ್ನಿ ಇಲ್ಲಿನ ಧೂಪದ ಕಸುಬಿಗೆ ಮೂಲ. ಮೈಸೂರಿನ ಶ್ರೀಗಂಧಕ್ಕೆ ಅಲ್ಲಿ ಇಂದಿಗೂ ಮೇಲುಸ್ಥಾನ. ಅವರ ಬತ್ತಿಯಲ್ಲಿ ಬಿದಿರು ಕಡ್ಡಿ ಇರುವುದಿಲ್ಲ, ಪೂರ್ತಿ ಸುಗಂಧದ ಹಿಟ್ಟಿನದೇ. ಅಂಟಿಗೆ ತಾಬು ಮರದ ತೊಗಟೆಯ ಪುಡಿ ಹಾಕುತ್ತಾರೆ. ಅದು ನಮ್ಮ ಊದುಬತ್ತಿಯ ಜಿಗಟಿಗೆ ತೊಗಟೆ ಕೊಡುವ ಮಲೆನಾಡಿನ ಗುಳಮಾವಿನ ಹತ್ತಿರದ ಸಂಬಂಧಿ. ಬಿಸಿನೀರಿನಲ್ಲಿ ನಾದಿದ ಮುದ್ದೆಯನ್ನು ಸಣ್ಣ ತೂತುಗಳ ಒತ್ತಿನಿಂದ ಶಾವಿಗೆಯಂತೆ ಒತ್ತಿ, ಹಲಗೆಯ ಮೇಲೆ ಜೋಡಿಸಿ, ತುದಿ ಕತ್ತರಿಸಿ, ನೆರಳಿನಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ಬಿಸಿಲಿಗೋ ಗಾಳಿಗೋ ಇಟ್ಟು ಅವಸರ ಮಾಡಿದರೆ ಬತ್ತಿ ಬಾಗುತ್ತದೆ, ಮುರಿಯುತ್ತದೆ.

ಬಟ್ಟೆಗೆ ಬಣ್ಣ ಹಾಕುವ ಚೂಸೆನ್ ವಿಧಾನವನ್ನೂ ನೋಡಲೇಬೇಕು. ಉದ್ದನೆಯ ಹತ್ತಿಬಟ್ಟೆಯ ಮೇಲೆ ಚಿತ್ರ ಕೊರೆದ ಹಾಳೆಯಿಟ್ಟು ಅಂಟು ಸವರಿ, ಬಟ್ಟೆಯನ್ನು ಅದರ ಮೇಲೆಯೇ ಮಡಚಿ, ಮತ್ತೆ ಸವರಿ, ಹೀಗೆ ಪದರದ ಮೇಲೆ ಪದರ ಮಾಡುತ್ತಾರೆ. ಬಣ್ಣ ಬೀಳಬೇಕಾದ ಜಾಗದ ಸುತ್ತ ಅಂಟಿನಿಂದಲೇ ಬದು ಕಟ್ಟಿ, ಕೆಟಲಿನಿಂದ ಬಣ್ಣ ಸುರಿದು, ಕೆಳಗಿನಿಂದ ಯಂತ್ರದ ಮೂಲಕ ಹೀರುತ್ತಾರೆ. ಬಣ್ಣ ಎಲ್ಲ ಪದರ ದಾಟಿ ಇಳಿಯುತ್ತದೆ. ಇಡೀ ಕಟ್ಟನ್ನು ತಿರುವಿ ಮತ್ತೆ ಸುರಿಯುವುದರಿಂದ ಬಟ್ಟೆಯ ಎರಡೂ ಮುಖ ಒಂದೇ. ಮಡಿಕೆ ಸ್ವಲ್ಪ ಜರುಗಿದರೂ ಎಲ್ಲ ತುಂಡುಗಳ ಚಿತ್ರ ಒಟ್ಟಿಗೆ ಕೆಡುತ್ತದೆ. ಹೀಗೆ ತಯಾರಾದ ತೆನುಗುಯಿ ಎಂಬ ಕೈವಸ್ತ್ರದ ಅಂಚು ಹೊಲಿದಿರುವುದಿಲ್ಲ. ಬೇಗ ಒಣಗಲೆಂದು ಬೇಕಂತಲೇ ಹಾಗೆ ಬಿಡುತ್ತಾರೆ. ಮೊದಲ ಕೆಲವು ಒಗೆತದಲ್ಲಿ ಎಳೆ ಬಿಡುತ್ತದೆ, ಕತ್ತರಿಸಿದರೆ ಆಯಿತು, ಎಳೆಯಬಾರದು.

ಚಹಾದ ಸಂಪ್ರದಾಯವನ್ನು ಇಂದಿನ ರೂಪಕ್ಕೆ ತಂದ ಸೆನ್ ನೋ ರಿಕ್ಯೂ 1522ರಲ್ಲಿ ಹುಟ್ಟಿದ್ದು ಇದೇ ಊರಿನ ವರ್ತಕ ಮನೆಯಲ್ಲಿ. ಕವಯಿತ್ರಿ ಯೊಸಾನೊ ಅಕಿಕೊ 1878ರಲ್ಲಿ ಹುಟ್ಟಿದ್ದು ಇಲ್ಲಿನ ಮಿಠಾಯಿ ಅಂಗಡಿಯವರ ಮನೆಯಲ್ಲಿ. ಇಬ್ಬರ ಹೆಸರಿನಲ್ಲಿ ಶುಕುಯಿನ್ ಟ್ರಾಮ್ ನಿಲ್ದಾಣದ ಹತ್ತಿರ 2015ರಲ್ಲಿ ತೆರೆದ ಭವನದಲ್ಲಿ ಕುರ್ಚಿಯ ಮೇಲೆ ಕೂತೇ ಮಾಚಾ ಎಂಬ ಹಸಿರು ಪುಡಿಯ ಚಹಾ ಕುಡಿಯಬಹುದು. ಮೊದಲು ಸಿಹಿ ತಿಂದು ಮುಗಿಸಿ ಆಮೇಲೆ ಚಹಾ, ಇಲ್ಲದಿದ್ದರೆ ಕಹಿ ನಾಲಿಗೆಗೆ ಹತ್ತುತ್ತದೆ. ಊರಿನ ಹಳೆಯ ಸಿಹಿಗಳಲ್ಲಿ ಕೇಶಿಮೋಚಿ ನಮ್ಮವರಿಗೆ ಹಿಡಿಸುತ್ತದೆ: ಅಕ್ಕಿಹಿಟ್ಟಿನ ಹೊದಿಕೆಯೊಳಗೆ ಬೇಳೆಯ ಹೂರಣ, ಹೊರಗೆ ಗಸಗಸೆ. ಉತ್ತರದ ಹೊಕ್ಕಾಯ್ಡೊದಿಂದ ಹಡಗಿನಲ್ಲಿ ಬರುತ್ತಿದ್ದ ಕೊಂಬು ಕಡಲಪಾಚಿಯನ್ನು ವಿನೆಗರಿನಲ್ಲಿ ಮೆದುಮಾಡಿ ಕಾಗದಕ್ಕಿಂತ ತೆಳ್ಳಗೆ ಹೆರೆಯುವ ಕೆಲಸ ಇಲ್ಲಿ ಬೆಳೆದದ್ದೂ ಒಳ್ಳೆಯ ಚಾಕು ಕೈಗೆ ಸಿಗುತ್ತಿದ್ದುದರಿಂದಲೇ. ಲೋಹದ ಕೈಚಳಕ ಮುಂದೆ ಸೈಕಲ್ಲಿಗೆ ಹೊರಳಿತು. 1921ರಲ್ಲಿ ಇಲ್ಲಿ ಶುರುವಾದ ಶಿಮಾನೊ ಕಂಪನಿಯ ಗೇರು, ಬ್ರೇಕು ಇಂದು ಜಗತ್ತಿನ ಎಲ್ಲ ಕಡೆಯ ಸೈಕಲ್ಲುಗಳಲ್ಲಿವೆ, ಊರಿನಲ್ಲೇ ಸೈಕಲ್ ವಸ್ತುಸಂಗ್ರಹಾಲಯವೂ ಇದೆ.

ಹೋಗುವವರಿಗೆ ದಾರಿ ಸುಲಭ. ಓಸಾಕಾದ ನಾಂಬಾದಿಂದ ನಾಂಕಾಯ್ ರೈಲಿನಲ್ಲಿ ಕಾಲು ಗಂಟೆಯ ಹಾದಿ. ಊರೊಳಗೆ ಹಾಂಕಾಯ್ ಟ್ರಾಮ್ ಒಂದೇ ರಸ್ತೆಯಲ್ಲಿ ಉದ್ದಕ್ಕೂ ಹೋಗುತ್ತದೆ. ಉತ್ತರದಲ್ಲಿ ಬಂದೂಕು ಕಮ್ಮಾರರ ಓಣಿ ಮತ್ತು 17ನೇ ಶತಮಾನದ ಯಾಮಾಗುಚಿ ಮನೆ, ಆಮೇಲೆ ಕರಕುಶಲ ಸಂಗ್ರಹಾಲಯ, ನಡುವೆ ರಿಕ್ಯೂ ಭವನ, ದಕ್ಷಿಣದಲ್ಲಿ ರಿಕ್ಯೂ ಧ್ಯಾನ ಕಲಿತ ನಾನ್‌ಶೂಜಿ ಮಠ. ಒಂದೇ ದಿನದಲ್ಲಿ ಇಳಿದು ಹತ್ತಿ ಎಲ್ಲ ನೋಡಬಹುದು. 2019ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ 49 ಪ್ರಾಚೀನ ಸಮಾಧಿ ದಿಬ್ಬಗಳಲ್ಲಿ ಅತಿ ದೊಡ್ಡದಾದ ದಾಯ್ಸೆನ್ 486 ಮೀಟರ್ ಉದ್ದ, ಸುತ್ತ ಮೂರು ಕಂದಕ. ಒಳಗೆ ಪ್ರವೇಶವಿಲ್ಲ. ನೇರ ಅದರ ಬಾಗಿಲಿಗೆ ಹೋದವರು ಮರದ ತೋಪು ಕಂಡು ನಿರಾಶರಾಗುತ್ತಾರೆ. ಮೊದಲು ನಗರಪಾಲಿಕೆ ಕಟ್ಟಡದ 21ನೇ ಮಹಡಿಗೆ ಹೋಗಿ (ಉಚಿತ) ಅದರ ಗಾತ್ರ ನೋಡಿ, ಆಮೇಲೆ ಹತ್ತಿರದ ನಗರ ವಸ್ತುಸಂಗ್ರಹಾಲಯದಲ್ಲಿ ಕೀಲಿಕಿಂಡಿಯ ಆಕಾರ ತಿಳಿದುಕೊಂಡು, ಕೊನೆಗೆ ದಿಬ್ಬದ ಹತ್ತಿರ ಹೋಗಬೇಕು.

ಬೀದರಿನಲ್ಲಿ ಇಷ್ಟೆಲ್ಲ ಅಲೆಯಬೇಕಿಲ್ಲ. ಊರ ನಡುವಿನ ಚೌಬಾರಾ ಗೋಪುರದಿಂದ ಮದರಸಾ, ಅಲ್ಲಿಂದ ಕೋಟೆಯ ಬಾಗಿಲು, ಎಲ್ಲ ನಡೆದು ಮುಗಿಸುವ ದೂರ. ಬಿದ್ರಿ ಕೆಲಸದ ಮನೆಗಳೂ ಅದೇ ಸುತ್ತಿನ ಓಣಿಗಳಲ್ಲಿವೆ. 2006ರಲ್ಲಿ ಬಿದ್ರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು, 2023ರಲ್ಲಿ ಬಿದ್ರಿ ಕುಶಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆದರೂ ಆ ದಾರಿಯಲ್ಲಿ ನಡೆಯುವ ಪ್ರವಾಸಿಗೆ ಎಡಬಲದ ಬಾಗಿಲುಗಳ ಹಿಂದೆ ಏನು ನಡೆಯುತ್ತಿದೆ ಎಂದು ತಿಳಿಸುವ ಒಂದು ಹಲಗೆಯೂ ಸರಿಯಾಗಿ ಇಲ್ಲ.

ಬೇಕಾದದ್ದು ದೊಡ್ಡ ಕಟ್ಟಡವಲ್ಲ. ಆ ದಾರಿಯಲ್ಲೊಂದು ಹಳೆಯ ಮನೆ, ನಾಲ್ಕು ಕೋಣೆ. ಒಂದರಲ್ಲಿ ಅರ ಉಜ್ಜುವುದು, ಒಂದರಲ್ಲಿ ಚಿತ್ರ ತೋಡುವುದು, ಒಂದರಲ್ಲಿ ಬೆಳ್ಳಿ ಕೂರಿಸುವುದು, ಕೊನೆಯದರಲ್ಲಿ ಮಣ್ಣಿನ ಹಂತ. ಎರಕದ ಕುಲುಮೆಯನ್ನು ಮಾತ್ರ ಜನರ ಹತ್ತಿರ ಇಡಬಾರದು. ಸತು ಕರಗುವುದು 420 ಡಿಗ್ರಿಯ ಸುಮಾರಿಗೆ, ಶಾಖ ಮಿತಿಮೀರಿದರೆ ಬಿಳಿ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ. ಅದನ್ನು ಗಾಳಿಯಾಡುವ ಹಿತ್ತಲಲ್ಲಿಟ್ಟು ದೂರದಿಂದ ತೋರಿಸಬೇಕು, ಕೆಲಸದವರಿಗೂ ಹೊಗೆಗೂಡು, ಮುಖಗವಸು ಒದಗಿಸಬೇಕು. ಕಪ್ಪು ಮಾಡುವ ಹಂತವನ್ನು ದಿನಕ್ಕೆರಡು ಸಲ ಗೊತ್ತುಪಡಿಸಿದ ಹೊತ್ತಿಗೆ ಇಟ್ಟರೆ ಗೈಡುಗಳು ಅದಕ್ಕೆ ತಕ್ಕಂತೆ ಜನರನ್ನು ಕರೆತರುತ್ತಾರೆ. ತೋರಿಸುವ ಕುಶಲಿಗೆ ಆ ದಿನದ ಕೂಲಿ ಪ್ರವೇಶ ಶುಲ್ಕದಿಂದಲೇ ಸಿಗಬೇಕು. ವಸ್ತು ಮಾರಾಟವಾದರೆ ಮಾತ್ರ ಹಣ ಎಂದರೆ ಯಾರೂ ಕೆಲಸ ಬಿಟ್ಟು ಬಂದು ಕೂರುವುದಿಲ್ಲ. ಕೋಟೆಯ ಮಣ್ಣನ್ನೂ ಲೆಕ್ಕವಿಟ್ಟು, ಸಂರಕ್ಷಿತ ಗೋಡೆಗಳಿಗೆ ಧಕ್ಕೆಯಾಗದ ಜಾಗ ಗುರುತಿಸಿ, ಕುಶಲಿಗಳಿಗೆ ಹಂಚುವ ವ್ಯವಸ್ಥೆ ಆಗಬೇಕು.

ಪ್ರತಿ ವಸ್ತುವಿನ ಜೊತೆ ಒಂದು ಚೀಟಿ ಇರಲಿ: ಎರಕ, ಕೆತ್ತನೆ, ಬೆಳ್ಳಿ ಕೆಲಸ ಯಾರದು, ಒಟ್ಟು ತೂಕ ಎಷ್ಟು, ಅದರಲ್ಲಿ ಬೆಳ್ಳಿ ಎಷ್ಟು ಗ್ರಾಂ. ಹಗುರ ಲೋಹಕ್ಕೆ ಕಪ್ಪು ಬಣ್ಣ ಬಳಿದು ಬಿದ್ರಿ ಎಂದು ಮಾರುವವರಿಗೆ ಈ ಚೀಟಿ ಕೊಡುವುದು ಕಷ್ಟ. ಚೀಟಿಯ ಹಿಂಬದಿಯಲ್ಲಿ ಕನ್ನಡ, ಹಿಂದಿ, ತೆಲುಗು, ಇಂಗ್ಲಿಷಿನಲ್ಲಿ ಬಳಕೆಯ ಮಾತು ಇರಲಿ: ಹುಣಸೆಹಣ್ಣು, ನಿಂಬೆ, ಹಿತ್ತಾಳೆ ಪಾಲಿಶ್ ಹಚ್ಚಬೇಡಿ, ಹುಳಿ ಸತುವನ್ನು ತಿಂದು ಕಪ್ಪು ಹೋಗುತ್ತದೆ, ನೀರಿನಲ್ಲಿ ನೆನೆಯಿಡಬೇಡಿ, ಬೆಳ್ಳಿ ಮಂಕಾದರೆ ಮೆತ್ತನೆ ಒಣಬಟ್ಟೆಯಿಂದ ಒರೆಸಿ, ಕಪ್ಪು ಮಾಸಿದರೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ, ತಂತಿ ಎದ್ದರೆ ಅಂಟು ಹಾಕದೆ ಮಾಡಿದವರ ಹತ್ತಿರ ತನ್ನಿ, ಕುಟ್ಟಿ ಕೂರಿಸಿ ಕೊಡುತ್ತಾರೆ. ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ ಮತ್ತು ಬಿದ್ರಿ ಕುಶಲಿಗಳು ಒಟ್ಟಿಗೆ ಕೂತರೆ ಈ ಚೀಟಿಯನ್ನು ಮುಂದಿನ ತಿಂಗಳೇ ಅಚ್ಚು ಹಾಕಿಸಬಹುದು, ನಾಲ್ಕು ಕೋಣೆಯ ಮನೆಗೆ ಕಾಯಬೇಕಾಗಿಲ್ಲ.

ಇಂತಿ,
ಬಿದ್ರಿ ಕಸುಬಿನ ಹಿತೈಷಿಗಳು
ಬೀದರ್